ರಷ್ಯದ ಸಿಂಹ

ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿ ಎಸ್ಟೋನಿಯ ಎಂಬ ಚಿಕ್ಕ ದೇಶವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರಷ್ಯದ ಚಕ್ರವರ್ತಿಗಳ ಆಳ್ವಿಕೆಗೆ ಸೇರಿತ್ತು. ಅಲ್ಲಿಯ ಡೋರ್ಪಾಟ್ ಎಂಬ ಊರು, ಅಂದರೆ ಇಂದಿನ ಟಾರ್ಟು, ತನ್ನ ವಿಶ್ವವಿದ್ಯಾನಿಲಯಕ್ಕಾಗಿ ಹೆಸರಾಗಿತ್ತು. ವಿದ್ವಾಂಸರ ಆ ಊರಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಸುಬಿನವನೊಬ್ಬನ ಮಗನಾಗಿ, 1877ರಲ್ಲಿ ಜಾರ್ಜ್ ಹ್ಯಾಕನ್‌ಷ್ಮಿಟ್ ಹುಟ್ಟಿದನು. ಮುಂದೆ ಜಗತ್ತು ಅವನನ್ನು ರಷ್ಯದ ಸಿಂಹ ಎಂದು ಕರೆಯಿತು.

ಬಾಲ್ಯದಲ್ಲಿ ಅವನಿಗೆ ಪುಸ್ತಕಗಳಿಗಿಂತ ಓಟ, ನೆಗೆತ, ಈಜು ಇವುಗಳ ಮೇಲೆಯೇ ಹೆಚ್ಚು ಮನಸ್ಸು. ಶಾಲೆಯ ವ್ಯಾಯಾಮ ಮಂದಿರದಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಓದು ಮುಗಿದ ಮೇಲೆ ರೆವಾಲ್ ಪಟ್ಟಣದ ಯಂತ್ರ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಇಂದು ಟ್ಯಾಲಿನ್ ಎಂದು ಕರೆಯಲ್ಪಡುವ ಆ ಪಟ್ಟಣದಲ್ಲಿ ಸೈಕಲ್ ಸವಾರರ ಮತ್ತು ಅಂಗಸಾಧಕರ ಸಂಘವೊಂದಿತ್ತು. ಹಗಲೆಲ್ಲ ಕಬ್ಬಿಣದೊಡನೆ ದುಡಿದ ಯುವಕನು ಸಂಜೆಯ ಹೊತ್ತು ಸಂಘಕ್ಕೆ ಹೋಗಿ ಮತ್ತೆ ಕಬ್ಬಿಣವನ್ನೇ ಎತ್ತುತ್ತಿದ್ದನು. 1896ರಲ್ಲಿ ಜಾರ್ಜ್ ಲೂರಿಚ್ ಎಂಬ ಹೆಸರಾಂತ ಮಲ್ಲನು ಆ ಊರಿಗೆ ಬಂದು ಎದುರಾಳಿಗಳನ್ನು ಕರೆದಾಗ ಹ್ಯಾಕನ್‌ಷ್ಮಿಟ್ ಕಣಕ್ಕಿಳಿದನು, ಸೋತನು. ಅವನೂ ಅದೇ ನಾಡಿನವನು, ವಯಸ್ಸಿನಲ್ಲಿ ಒಂದು ವರ್ಷಕ್ಕಷ್ಟೇ ಹಿರಿಯ. ಸೋಲು ಯುವಕನ ಮನಸ್ಸನ್ನು ಕೊರೆಯಿತು. ಅಂದಿನಿಂದ ಅವನ ಅಭ್ಯಾಸ ಇಮ್ಮಡಿಯಾಯಿತು.

ಅವನ ಬಾಳಿನ ದಾರಿ ತಿರುಗಿದ್ದು ಒಂದು ಸಣ್ಣ ಅಪಘಾತದಿಂದ. 1897ರಲ್ಲಿ ಕಾರ್ಖಾನೆಯ ಕೆಲಸದ ನಡುವೆ ಅವನ ಕೈಗೆ ಪೆಟ್ಟಾಯಿತು. ಚಿಕಿತ್ಸೆಗೆಂದು ಹೋದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪ್ರಸಿದ್ಧ ವೈದ್ಯ ಕ್ರಯೇವ್‌ಸ್ಕಿಯವರ ಕಣ್ಣಿಗೆ ಅವನು ಬಿದ್ದನು. ವೈದ್ಯರು ಗಾಯಗೊಂಡ ಕೈಯನ್ನಷ್ಟೇ ನೋಡಲಿಲ್ಲ. ಅಗಲವಾದ ಎದೆಯನ್ನೂ ತುಂಬಿದ ಭುಜಗಳನ್ನೂ ನೋಡಿದರು. ಈ ಹುಡುಗ ಜಗತ್ತಿನ ಮಹಾಬಲಶಾಲಿಯಾಗಬಲ್ಲನೆಂದು ಅವರಿಗೆ ಅನ್ನಿಸಿತು. ತಮ್ಮ ಮನೆಯಲ್ಲಿಯೇ ಇದ್ದು ಸಾಧನೆ ಮಾಡುವಂತೆ ಅವನನ್ನು ಆಹ್ವಾನಿಸಿದರು. 1898ರ ಆರಂಭದಲ್ಲಿ ಹ್ಯಾಕನ್‌ಷ್ಮಿಟ್ ಕಾರ್ಖಾನೆಯನ್ನು ಬಿಟ್ಟು ರಾಜಧಾನಿಗೆ ಹೊರಟನು.

ಕ್ರಯೇವ್‌ಸ್ಕಿಯವರು ಸಾಮಾನ್ಯ ವೈದ್ಯರಾಗಿರಲಿಲ್ಲ. ನಲವತ್ತು ದಾಟಿದ ಮೇಲೆ ತಾವೇ ಭಾರ ಎತ್ತುವುದನ್ನು ಕಲಿತವರು ಅವರು. ರಷ್ಯದಲ್ಲಿ ಅಂಗಸಾಧನೆಯ ಸಂಘವನ್ನು ಕಟ್ಟಿ ಬೆಳೆಸಿದ ಕೀರ್ತಿ ಅವರದು. ಅವರ ಮನೆಯೇ ಒಂದು ಗರಡಿಯಾಗಿತ್ತು. ಗೋಡೆಗಳ ಮೇಲೆ ಜಗಜಟ್ಟಿಗಳ ಚಿತ್ರಗಳು; ನೆಲದ ಮೇಲೆ ಬಗೆಬಗೆಯ ಗುಂಡುಗಳು, ಸಲಾಕೆಗಳು, ಡಂಬೆಲ್ಸುಗಳು. ದೇಶವಿದೇಶಗಳ ಮಲ್ಲರು ಅಲ್ಲಿಗೆ ಬಂದು ತಮ್ಮ ಬಲವನ್ನು ಒರೆಗೆ ಹಚ್ಚುತ್ತಿದ್ದರು. ಅಂಥ ಮನೆಯಲ್ಲಿ ಹ್ಯಾಕನ್‌ಷ್ಮಿಟ್ ಮಗನಂತೆ ಬೆಳೆದನು. ಮದ್ಯವಿಲ್ಲ, ಹೊಗೆಬತ್ತಿಯಿಲ್ಲ, ಹೊತ್ತಿಗೆ ಸರಿಯಾಗಿ ನಿದ್ರೆ, ವ್ಯಾಯಾಮವಾದ ಕೂಡಲೆ ತಣ್ಣೀರ ಸ್ನಾನ. ಆ ದಿನಗಳಲ್ಲಿ ಅವನು ಉಳಿದ ಆಹಾರದ ಜೊತೆಗೆ ದಿನಕ್ಕೆ 11 ಪಿಂಟುಗಳಷ್ಟು, ಎಂದರೆ 6 ಲೀಟರಿಗೂ ಮಿಕ್ಕಿ, ಹಾಲನ್ನು ಕುಡಿಯುತ್ತಿದ್ದನಂತೆ! ಹಾಲನ್ನು ಕುಡಿದವರೆಲ್ಲ ಹ್ಯಾಕನ್‌ಷ್ಮಿಟ್ ಆಗುವುದಿಲ್ಲವೆಂಬುದು ಬೇರೆ ಮಾತು.

ಅವನ ಸಾಧನೆಯ ಕ್ರಮದಲ್ಲಿ ಗುಟ್ಟೇನೂ ಇರಲಿಲ್ಲ. ಹಗುರವಾದ ತೂಕವನ್ನು ನೂರಾರು ಬಾರಿ ಎತ್ತಿದರೆ ದಣಿವನ್ನು ತಾಳುವ ಶಕ್ತಿ ಬರುತ್ತದೆ, ಆದರೆ ಬಲ ಬೆಳೆಯುವುದಿಲ್ಲ. ಬಲ ಬೆಳೆಯಬೇಕಾದರೆ ತೂಕವೇ ಬೆಳೆಯಬೇಕು. ಅದೂ ಒಮ್ಮೆಗೇ ಅಲ್ಲ, ಸ್ವಲ್ಪಸ್ವಲ್ಪವಾಗಿ. ಉಸಿರನ್ನು ಬಿಗಿಹಿಡಿಯಬಾರದು, ಬಸವಳಿಯುವವರೆಗೆ ಮಾಡಬಾರದು. ಕುತ್ತಿಗೆ, ಬೆನ್ನು, ಸೊಂಟ, ತೊಡೆ ಎಲ್ಲಕ್ಕೂ ಕೆಲಸ ಸಿಗಬೇಕು. ಬೆನ್ನ ಹಿಂದೆ ಎರಡೂ ಕೈಗಳಿಂದ 50 ಕಿಲೋಗ್ರಾಂ ತೂಕವನ್ನು ಹಿಡಿದುಕೊಂಡು, ನಮ್ಮ ಗರಡಿಗಳಲ್ಲಿ ಬಸ್ಕಿ ಹೊಡೆಯುವಂತೆ, ಅವನು 50 ಸಲ ಕುಳಿತು ಏಳುತ್ತಿದ್ದನು. ಇನ್ನೊಂದು ಸಾಧನೆ ಇದಕ್ಕಿಂತ ಕಠಿಣವಾದುದು. ತಲೆ ಮತ್ತು ಪಾದಗಳನ್ನು ಮಾತ್ರ ನೆಲಕ್ಕೂರಿ, ಉಳಿದ ಮೈಯನ್ನು ಸೇತುವೆಯ ಕಮಾನಿನಂತೆ ಮೇಲಕ್ಕೆತ್ತಿ, ಆ ಸ್ಥಿತಿಯಲ್ಲಿಯೇ ಎದೆಯ ಮೇಲಿಂದ ಭಾರವನ್ನು ಎತ್ತುವುದು. ಹೀಗೆ ಅವನು ಎತ್ತಿದ ಭಾರ 141 ಕಿಲೋಗ್ರಾಂ. ಬೆನ್ನುಮೂಳೆಯೂ ಕುತ್ತಿಗೆಯೂ ಎಷ್ಟು ಪಳಗಿದ್ದರೆ ಇದು ಸಾಧ್ಯವೆಂಬುದನ್ನು ಊಹಿಸಬಹುದು. ಒಂದೇ ಕೈಯಿಂದ ತಲೆಯ ಮೇಲಕ್ಕೆ 122 ಕಿಲೋಗ್ರಾಂ ಎತ್ತಿದಾಗ ಅವನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಫಲ ಬೇಗನೆ ಕಾಣಿಸಿತು. 1898ರಲ್ಲಿಯೇ ಫ್ರಾನ್ಸಿನ ದೈತ್ಯಾಕಾರದ ಮಲ್ಲ ಪಾಲ್ ಪೋನ್ಸನನ್ನು ಅವನು ಕೆಡವಿದನು. ಅದೇ ವರ್ಷ ವಿಯೆನ್ನಾ ನಗರದಲ್ಲಿ ನಡೆದ ಸ್ಪರ್ಧೆಗಳಲ್ಲಿ ಕುಸ್ತಿಯಲ್ಲಿ ಮೊದಲನೆಯವನಾಗಿ, ಭಾರ ಎತ್ತುವುದರಲ್ಲಿ ಮೂರನೆಯವನಾಗಿ ಬಂದನು.

ಏರುತ್ತಿದ್ದ ಈ ದಾರಿ 1899ರಲ್ಲಿ ಇದ್ದಕ್ಕಿದ್ದಂತೆ ಕಡಿಯಿತು. ಬಲ ಹೆಚ್ಚಿದಂತೆಲ್ಲ ಅದನ್ನು ಇನ್ನೂ ಹೆಚ್ಚಿಸುವ ಆಸೆ ಯುವಕರಲ್ಲಿ ಸಹಜ. ಬಿಡುವಿಲ್ಲದ ಸಾಧನೆಯಿಂದ ಅವನ ಬಲಭುಜದ ಸ್ನಾಯುರಜ್ಜಿಗೆ ಪೆಟ್ಟಾಯಿತು. ಆ ವರ್ಷದ ಕೊನೆಯಲ್ಲಿ ಪ್ಯಾರಿಸ್ಸಿನ ದೊಡ್ಡ ಕುಸ್ತಿಪಂದ್ಯಕ್ಕೆ ಹೋದರೂ ಭುಜದ ನೋವಿನಿಂದ ನಡುವೆಯೇ ಹಿಂದೆಗೆಯಬೇಕಾಯಿತು. ಒಂದು ಕೈಯಿಂದ ಜಗತ್ತನ್ನು ಬೆರಗುಗೊಳಿಸಿದ್ದವನಿಗೆ ಅದೇ ಕೈ ಈಗ ಹೊರೆಯಾಯಿತು.

ಅವನು ಪೀಟರ್ಸ್‌ಬರ್ಗಿಗೆ ಮರಳಿದನು. ಭಾರಗಳನ್ನು ಮುಟ್ಟದೆ ದೀರ್ಘಕಾಲ ಸುಮ್ಮನಿರಬೇಕೆಂಬುದು ವೈದ್ಯರ ಸಲಹೆ. ಬಲಶಾಲಿಗೆ ಇದಕ್ಕಿಂತ ಕಹಿಯಾದ ಔಷಧಿ ಬೇರೊಂದಿಲ್ಲ. ಗುಂಡುಗಳ ನಡುವೆಯೇ ವಾಸ, ಕಣ್ಣೆದುರಿಗೆ ಇತರರ ಸಾಧನೆ. ಆದರೆ ತನ್ನ ಕೈ ಮಾತ್ರ ಸುಮ್ಮನಿರಬೇಕು! ನೋವನ್ನು ಹಲ್ಲುಕಚ್ಚಿ ತಡೆದು ಎತ್ತುವುದು ಶೌರ್ಯವೆಂದು ಅನೇಕ ಮಲ್ಲರು ಭಾವಿಸುತ್ತಾರೆ. ಹರಿದ ಸ್ನಾಯುವಿಗೆ ಆ ಶೌರ್ಯದ ಅರಿವಿರುವುದಿಲ್ಲ. ಅದು ಕೂಡಿಕೊಳ್ಳಲು ತನಗೆ ಬೇಕಾದಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ. ಹ್ಯಾಕನ್‌ಷ್ಮಿಟ್ ಆ ಕಾಲವನ್ನು ಅದಕ್ಕೆ ಕೊಟ್ಟನು. ತಿಂಗಳುಗಳು ಕಳೆದ ಮೇಲೆ ಎಚ್ಚರಿಕೆಯಿಂದ ಮತ್ತೆ ಅಭ್ಯಾಸವನ್ನು ಆರಂಭಿಸಿದನು.

1900ರಲ್ಲಿ ಅವನು ಮತ್ತೆ ಕಣಕ್ಕಿಳಿದನು. ಈಗ ಕುಸ್ತಿಯೇ ಅವನ ವೃತ್ತಿ. ಮಾಸ್ಕೋದಲ್ಲಿ ವಾರಗಟ್ಟಲೆ ನಡೆದ ಪಂದ್ಯಾವಳಿಯಲ್ಲಿ ಗೆದ್ದನು. 1901ರ ಕೊನೆಯಲ್ಲಿ, ಎರಡು ವರ್ಷಗಳ ಹಿಂದೆ ಸೋತ ಭುಜದೊಡನೆ ಬಿಟ್ಟುಬಂದಿದ್ದ ಪ್ಯಾರಿಸ್ಸಿಗೇ ಹೋಗಿ ಮೊದಲ ಬಹುಮಾನವನ್ನು ಪಡೆದನು. ಆದರೆ ಅದೇ ವರ್ಷ ಕ್ರಯೇವ್‌ಸ್ಕಿಯವರು ತೀರಿಕೊಂಡಿದ್ದರು. ತಂದೆಯಂತೆ ನೋಡಿಕೊಂಡು ತಿದ್ದುತ್ತಿದ್ದ ಹಿರಿಯರ ಕಣ್ಣು ಇನ್ನು ಅವನ ಮೇಲಿರಲಿಲ್ಲ.

ಮುಂದಿನ ಕೆಲವು ವರ್ಷಗಳು ಕೀರ್ತಿಯ ವರ್ಷಗಳು. ಲಂಡನ್ನಿನ ರಂಗಮಂದಿರಗಳಲ್ಲಿ ಅವನ ಕುಸ್ತಿಯನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಎದುರಾಳಿಯನ್ನು ಕ್ಷಣದಲ್ಲಿ ಚಿತ್ ಮಾಡಿದರೆ ಟಿಕೆಟ್ಟು ಕೊಂಡವರಿಗೆ ತೃಪ್ತಿಯಾಗದೆಂದು ವ್ಯವಸ್ಥಾಪಕರು ಅವನಿಗೆ ಬುದ್ಧಿ ಹೇಳಬೇಕಾಯಿತಂತೆ. 1904ರ ಜನವರಿ 30ರಂದು ತುರ್ಕಿಯ ಮದ್ರಾಲಿಯೊಡನೆ ಅವನ ಕುಸ್ತಿ ಏರ್ಪಟ್ಟಾಗ ಸಭಾಂಗಣದ ಸುತ್ತಲಿನ ಬೀದಿಗಳಲ್ಲಿ ಗಾಡಿಗಳು ಅಲುಗಾಡಲಾರದಷ್ಟು ಜನಸಂದಣಿ. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ. ಹ್ಯಾಕನ್‌ಷ್ಮಿಟ್ ಎತ್ತಿ ಎಸೆದ ರಭಸಕ್ಕೆ ಮದ್ರಾಲಿಯ ತೋಳಿನ ಕೀಲು ತಪ್ಪಿತು. 1905ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಟಾಮ್ ಜೆಂಕಿನ್ಸನನ್ನು ಸೋಲಿಸಿದ ಮೇಲೆ ಅವನು ಜಗತ್ತಿನ ವಿಜೇತನೆಂದು ಎಲ್ಲರೂ ಒಪ್ಪಿದರು.

ಆದರೆ ರಾತ್ರಿಯಿಂದ ರಾತ್ರಿಗೆ ರಂಗದ ಮೇಲೆ ಹೆಣಗಾಡುವ ಬಾಳಿನಲ್ಲಿ ವಿಶ್ರಾಂತಿಗೆ ಎಡೆಯೆಲ್ಲಿ? ಅವನ ಮೊಣಕಾಲು ಊದಿಕೊಳ್ಳತೊಡಗಿತು. ಭುಜಕ್ಕೆ ಕೊಟ್ಟ ಕಾಲವನ್ನು ಅವನು ಮೊಣಕಾಲಿಗೆ ಕೊಡಲಿಲ್ಲ. ಒಪ್ಪಂದಗಳು ಕೊಡಲು ಬಿಡಲಿಲ್ಲವೆಂದರೂ ಸರಿಯೆ. ಆರೋಗ್ಯವಾಗಿ ಬಾಳುವ ಬಗೆಯನ್ನು ಕುರಿತ ಅವನ ಪ್ರಸಿದ್ಧ ಪುಸ್ತಕ ‘ದಿ ವೇ ಟು ಲಿವ್’ ಹೊರಬಂದದ್ದು 1908ರಲ್ಲಿ. ಅದೇ ವರ್ಷ ಏಪ್ರಿಲ್ 3ರಂದು ಷಿಕಾಗೋ ನಗರದಲ್ಲಿ ಫ್ರಾಂಕ್ ಗಾಚ್ ಎಂಬ ಅಯೋವಾ ಪ್ರಾಂತದ ರೈತನ ಮಗನು ಅವನನ್ನು ಎದುರಿಸಿದನು. ಇಬ್ಬರೂ ನಿಂತಂತೆಯೇ ಎರಡು ಗಂಟೆಗಳ ಕಾಲ ಸೆಣಸಿದರು. ಗಾಚ್ ಕೊನೆಗೆ ಹಿಂದಿನಿಂದ ಹಿಡಿದು ಕಾಲಿಗೆ ಪಟ್ಟು ಹಾಕಲೆಳಸಿದಾಗ ಹ್ಯಾಕನ್‌ಷ್ಮಿಟ್ ಸೋಲನ್ನು ಒಪ್ಪಿಕೊಂಡನು. ಎದುರಾಳಿ ಮೈಗೆ ಎಣ್ಣೆ ಬಳಿದುಕೊಂಡಿದ್ದನೆಂದೂ ಉಗುರಿನಿಂದ ಪರಚಿದನೆಂದೂ ಮುಂದೆ ದೂರಿದನು. ಮೊದಲು ಗಾಚ್‌ನನ್ನು ಹೊಗಳಿದ್ದವನೇ ಆಮೇಲೆ ಹಾಗೆ ಮಾತು ಬದಲಿಸಿದ್ದು ಅವನಿಗೆ ಶೋಭೆ ತರಲಿಲ್ಲ. ದೂರಿನಲ್ಲಿ ಹುರುಳಿದ್ದಿರಬಹುದು, ಆ ಸಲ ಅವನ ಸಿದ್ಧತೆ ಸಾಲದಾಗಿತ್ತೆಂಬುದೂ ನಿಜ.

ಮತ್ತೊಮ್ಮೆ ಸೆಣಸಿ ಕಳಂಕವನ್ನು ತೊಳೆದುಕೊಳ್ಳಬೇಕೆಂಬ ಹಂಬಲ ಅವನನ್ನು ಬಿಡಲಿಲ್ಲ. 1911ರಲ್ಲಿ ಅವಕಾಶ ಒದಗಿತು. ಈ ಸಲ ಅವನ ತಾಲೀಮಿಗೆ ಜೊತೆಯಾಗಿ ನಿಂತವರಲ್ಲಿ ಡಾಕ್ಟರ್ ರೋಲರ್ ಎಂಬ ಅಮೆರಿಕದ ಮಲ್ಲನೂ ಇದ್ದನು. ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲವಾನನಿಂದ ಚಿತ್ತಾಗಿದ್ದವನು ಇದೇ ರೋಲರ್. ಗಾಮಾನೂ ಹ್ಯಾಕನ್‌ಷ್ಮಿಟ್‌ನೂ ಎಂದೂ ಎದುರುಬದುರಾಗಲಿಲ್ಲವೆಂಬುದು ಕುಸ್ತಿಪ್ರಿಯರ ಕೊರಗು. ತಾಲೀಮು ನಡೆಯುತ್ತಿರುವಾಗಲೇ ಹ್ಯಾಕನ್‌ಷ್ಮಿಟ್‌ನ ಮೊಣಕಾಲಿಗೆ ಮತ್ತೆ ಪೆಟ್ಟುಬಿದ್ದಿತು. ಅದು ಬೇಕೆಂದೇ ಮಾಡಿದ ದ್ರೋಹವೆಂದು ಹೇಳುವವರುಂಟು. ಪೆಟ್ಟು ಅಷ್ಟೇನೂ ದೊಡ್ಡದಾಗಿರಲಿಲ್ಲವೆಂದು ಹೇಳುವವರೂ ಉಂಟು. ಸೆಪ್ಟೆಂಬರ್ 4ರಂದು ಮೂವತ್ತು ಸಾವಿರದಷ್ಟು ಪ್ರೇಕ್ಷಕರ ಎದುರಿಗೆ ಅವನು ಕುಂದಿದ ಕಾಲಿನೊಡನೆ ನಿಂತನು. ಅರ್ಧ ಗಂಟೆಯೊಳಗೆ ಎರಡು ಬಾರಿ ಚಿತ್ತಾದನು. ಭುಜದ ನೋವು ಬಂದಾಗ ಪ್ಯಾರಿಸ್ಸನ್ನು ಬಿಟ್ಟು ಹಿಂದಿರುಗುವ ಧೈರ್ಯ ತೋರಿದ್ದವನು ಷಿಕಾಗೋದಿಂದ ಹಿಂದಿರುಗಲಾರದೆ ಹೋದನು.

ಮೂವತ್ತನಾಲ್ಕನೆಯ ವಯಸ್ಸಿಗೆ ಅವನ ಕುಸ್ತಿಯ ಬಾಳು ಮುಗಿಯಿತು. ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗೆದ್ದ ಗಾಚ್ 1917ರಲ್ಲಿಯೇ, ನಲವತ್ತರ ಹರೆಯದಲ್ಲಿ, ತೀರಿಕೊಂಡನು. ಸೋತವನ ಮುಂದೆ ಇನ್ನೂ ಅರ್ಧ ಶತಮಾನದ ಬಾಳಿತ್ತು.

ಆ ಬಾಳನ್ನು ಅವನು ಓದಿಗೂ ಚಿಂತನೆಗೂ ಮೀಸಲಿಟ್ಟನು. ಶಾಲೆಯಲ್ಲಿ ಪುಸ್ತಕಗಳನ್ನು ಬದಿಗಿಟ್ಟು ಆಟಕ್ಕೆ ಓಡುತ್ತಿದ್ದ ಹುಡುಗ ಮನಸ್ಸು, ನೆನಪು, ಪ್ರಜ್ಞೆ ಇವುಗಳ ವಿಷಯವಾಗಿ ಗ್ರಂಥಗಳನ್ನು ಬರೆದನು. ಅವುಗಳಲ್ಲಿ ಹೆಚ್ಚಿನವು 1930ರ ದಶಕದಲ್ಲಿ ಪ್ರಕಟವಾದವು. ಅವು ಸುಲಭವಾಗಿ ಅರ್ಥವಾಗುವಂಥವಲ್ಲ. ಅವನನ್ನು ಮಲ್ಲನೆಂದು ಮೆಚ್ಚಿದವರಲ್ಲಿ ಅವನ್ನು ಓದಿದವರು ವಿರಳ. ಅವನು ಫ್ರಾನ್ಸಿನ ಪ್ರಜೆಯಾಗಿ, ಅನಂತರ 1950ರಲ್ಲಿ ಬ್ರಿಟನ್ನಿನ ಪ್ರಜೆಯಾಗಿ ದಕ್ಷಿಣ ಲಂಡನ್ನಿನಲ್ಲಿ ನೆಲಸಿದನು. ಮುಪ್ಪಿನಲ್ಲಿಯೂ ದಿನದ ವ್ಯಾಯಾಮವನ್ನು ಬಿಡಲಿಲ್ಲ. ಎಂಬತ್ತು ದಾಟಿದ ಮೇಲೂ, ಒಂದು ಕಾಲದಲ್ಲಿ ಷಿಕಾಗೋದ ಕಣದಲ್ಲಿ ಕೈಕೊಟ್ಟಿದ್ದ ಅದೇ ಕಾಲುಗಳಿಂದ, ಕಟ್ಟಿದ ಹಗ್ಗದ ಮೇಲಿಂದ ಹಾರುವುದನ್ನು ಅವನು ರೂಢಿಯಲ್ಲಿಟ್ಟುಕೊಂಡಿದ್ದನು. 1968ರ ಫೆಬ್ರವರಿ 19ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಲಂಡನ್ನಿನಲ್ಲಿ ನಿಧನನಾದನು.