ಡಾ॥ ಎಂ.ವಿ. ಗೋವಿಂದಸ್ವಾಮಿ: ಜೀವನ ಮತ್ತು ಮನೋರೋಗ ನಿರ್ಣಯದಲ್ಲಿ ಶುಶ್ರೂಷೆಯ ಸ್ಥಾನ

ಕರ್ನಾಟಕದಲ್ಲಿ ಮಾನಸಿಕ ಆರೋಗ್ಯ ಸೇವೆಗೆ ಶಾಸ್ತ್ರೀಯ ತಳಹದಿಯನ್ನು ಹಾಕಿದವರಲ್ಲಿ ಡಾ॥ ಎಂ.ವಿ. ಗೋವಿಂದಸ್ವಾಮಿ ಅವರು ಪ್ರಮುಖರಾಗಿರುತ್ತಾರೆ. 1904ರಲ್ಲಿ ಜನಿಸಿದ ಇವರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿ, ತದನಂತರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿ ಸೇವೆ ಸಲ್ಲಿಸಿ 1961ರಲ್ಲಿ ನಿಧನ ಹೊಂದಿದರು. ಮಾನಸಿಕ ಚಿಕಿತ್ಸೆಗಾಗಿ ಅಥವಾ ಅಂಗವೈಕಲ್ಯ ಪ್ರಮಾಣ ಪತ್ರಕ್ಕಾಗಿ ಬರುವ ಸಾರ್ವಜನಿಕರಲ್ಲಿ ಒಂದು ಸಂದೇಹವಿರುವುದು ಸಹಜ. ಒಂದು ರಕ್ತ ಪರೀಕ್ಷೆಯಿಂದ ತಿಳಿಯಬಾರದ ಕಾಯಿಲೆ ಯಾವುದು, ಇಷ್ಟೊಂದು ಪ್ರಶ್ನೆಗಳೇಕೆ, ವೈದ್ಯರು ನೋಡಿದ ಮೇಲೆ ಶುಶ್ರೂಷಕಿಯರೂ ಮತ್ತೆ ಅದನ್ನೇ ಏಕೆ ಕೇಳುತ್ತಾರೆ ಎಂಬುದೇ ಆ ಸಂದೇಹ. ಗೋವಿಂದಸ್ವಾಮಿ ಅವರ ಕಾಲದ ವೃತ್ತಾಂತದಿಂದ ಇದಕ್ಕೆ ಸಮಾಧಾನ ದೊರೆಯುತ್ತದೆ.

ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಆಶ್ರಯಾಲಯವು 1847ರಷ್ಟು ಹಿಂದೆಯೇ ಸ್ಥಾಪಿತವಾಗಿತ್ತು. ಜನರು ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಆ ಕಾಲದ ಇಂತಹ ಆಶ್ರಯಾಲಯಗಳ ಮುಖ್ಯ ಕಾರ್ಯ ಕಾವಲೇ ಹೊರತು ಚಿಕಿತ್ಸೆಯಾಗಿರಲಿಲ್ಲ. ಒಳಗೆ ಬಂದವನು ತನಗೂ ಪರರಿಗೂ ಅಪಾಯ ಮಾಡದಂತೆ ನೋಡಿಕೊಂಡರೆ ಸಾಕು ಎಂಬ ಭಾವನೆ ಇದ್ದುದರಿಂದ, ಅವನಿಗಿರುವ ಕಾಯಿಲೆ ನಿಖರವಾಗಿ ಯಾವುದು ಎಂಬ ಪ್ರಶ್ನೆಗೆ ಹೆಚ್ಚಿನ ಮಹತ್ವವಿರಲಿಲ್ಲ. 1925ರಲ್ಲಿ ಮೈಸೂರು ಸರ್ಕಾರವು ಇದಕ್ಕೆ ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. ಕೇವಲ ಫಲಕದ ಬದಲಾವಣೆಯಂತೆ ಕಂಡರೂ ಇದು ಸಣ್ಣ ಸಂಗತಿಯಲ್ಲ. ಆಸ್ಪತ್ರೆ ಎಂದಾದ ಮೇಲೆ ಒಳಗಿರುವವನು ರೋಗಿ. ರೋಗಿ ಎಂದ ಮೇಲೆ ರೋಗ ಯಾವುದೆಂದು ತಿಳಿಯಲೇಬೇಕಾಗುತ್ತದೆ. ಡಾ॥ ಫ್ರಾಂಕ್ ನೊರೋನ್ಹ ಅವರು ಮುಖ್ಯಸ್ಥರಾಗಿದ್ದ ಅವಧಿಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1930ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆಯನ್ನು ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸ್ಥಳಾಂತರಿಸಲಾಯಿತು.

ಗೋವಿಂದಸ್ವಾಮಿ ಅವರು ವೈದ್ಯಶಾಸ್ತ್ರದ ಜೊತೆಗೆ ಮನಃಶಾಸ್ತ್ರ ಹಾಗೂ ಭಾರತೀಯ ತತ್ತ್ವಶಾಸ್ತ್ರಗಳಲ್ಲಿಯೂ ಆಸಕ್ತಿಯುಳ್ಳವರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗವು ಆರಂಭವಾಗಿದ್ದುದು ಈ ಸಂದರ್ಭದಲ್ಲಿ ಉಲ್ಲೇಖನೀಯ. ಸದರಿ ವಿಭಾಗವನ್ನು ಕಟ್ಟಿದವರು ಹಾಗೂ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಪ್ರಾರಂಭಿಸಿದವರು ಡಾ॥ ಎಂ.ವಿ. ಗೋಪಾಲಸ್ವಾಮಿ ಅವರು. ಹೆಸರಿನ ಹೋಲಿಕೆಯಿಂದ ಇಬ್ಬರೂ ಒಬ್ಬರೇ ಎಂದು ಭಾವಿಸುವವರಿದ್ದಾರೆ, ಅದು ಸರಿಯಲ್ಲ. ಗೋವಿಂದಸ್ವಾಮಿ ಅವರು ವಿದೇಶದಲ್ಲಿ ಮನೋವೈದ್ಯಕೀಯ ತರಬೇತಿಯನ್ನು ಪಡೆದು, 1938ರಲ್ಲಿ ನೊರೋನ್ಹ ಅವರ ತರುವಾಯ ಬೆಂಗಳೂರಿನ ಆಸ್ಪತ್ರೆಯ ಆಡಳಿತವನ್ನು ವಹಿಸಿಕೊಂಡರು.

ಅಂದು ಒಬ್ಬ ಮನೋವೈದ್ಯರ ಕೈಯಲ್ಲಿದ್ದ ಸಾಧನಗಳು ಕೆಲವೇ ಕೆಲವು. ಕ್ಷಯ ರೋಗಕ್ಕೆ ಕಫ ಪರೀಕ್ಷೆ ಇರುವಂತೆ ಮನೋರೋಗಕ್ಕೆ ಪರೀಕ್ಷೆ ಇರಲಿಲ್ಲ. ಇಂದಿಗೂ ಖಿನ್ನತೆಯಾಗಲಿ ಸ್ಕಿಜೋಫ್ರೀನಿಯವಾಗಲಿ ಇದೆ ಎಂದು ರಕ್ತ ಪರೀಕ್ಷೆಯಿಂದ ಅಥವಾ ಸ್ಕ್ಯಾನಿಂಗ್‌ನಿಂದ ಹೇಳಲು ಬರುವುದಿಲ್ಲ. ಹಾಗೆಂದು ಸದರಿ ಪರೀಕ್ಷೆಗಳು ಅನಾವಶ್ಯಕವೆಂದು ತಿಳಿಯಬಾರದು. ಮನಸ್ಸಿನ ಕಾಯಿಲೆಯಂತೆ ತೋರುವ ದೇಹದ ಕಾಯಿಲೆಗಳನ್ನು ಮೊದಲು ಬೇರ್ಪಡಿಸಬೇಕಾಗುತ್ತದೆ. ಮಿದುಳಿಗೆ ತಗಲಿದ ಸಿಫಿಲಿಸ್, ಥೈರಾಯಿಡ್ ಗ್ರಂಥಿಯ ದೋಷ, ಮೂರ್ಛೆರೋಗ, ತೀವ್ರ ಜ್ವರ, ಪೌಷ್ಟಿಕಾಂಶದ ಕೊರತೆಯಿಂದ ಬರುವ ಪೆಲ್ಲಾಗ್ರ, ಮದ್ಯಪಾನವನ್ನು ಹಠಾತ್ತನೆ ನಿಲ್ಲಿಸಿದಾಗ ಉಂಟಾಗುವ ಗೊಂದಲ ಇವೆಲ್ಲವೂ ಹುಚ್ಚಿನ ವೇಷದಲ್ಲಿ ಬರಬಹುದು. ಇವುಗಳಲ್ಲಿ ಯಾವುದೂ ಇಲ್ಲವೆಂದು ಖಚಿತವಾದ ಮೇಲೆ ಉಳಿಯುವುದು ಎರಡೇ ಆಧಾರಗಳು: ರೋಗಿಯ ಹಾಗೂ ಮನೆಯವರ ಹೇಳಿಕೆ ಒಂದು, ದಿನಗಟ್ಟಲೆ ನಡೆಸಿದ ಅವಲೋಕನ ಇನ್ನೊಂದು.

ಎರಡನೆಯ ಆಧಾರವನ್ನು ಒದಗಿಸುವವರು ಶುಶ್ರೂಷಕಿಯರು ಮತ್ತು ಶುಶ್ರೂಷಕರು. ವೈದ್ಯರು ವಾರ್ಡಿಗೆ ಬಂದು ಒಬ್ಬ ರೋಗಿಯ ಬಳಿ ಕೆಲವು ನಿಮಿಷ ನಿಲ್ಲಬಹುದು. ಶುಶ್ರೂಷೆಯವರು ಪಾಳಿಯುದ್ದಕ್ಕೂ ಅಲ್ಲಿಯೇ ಇರುತ್ತಾರೆ. ತೀವ್ರ ಖಿನ್ನತೆ ಇರುವವರು ನಸುಕಿನಲ್ಲಿಯೇ ಎಚ್ಚರಗೊಂಡು ಬೆಳಗಿನ ಹೊತ್ತು ಅತ್ಯಂತ ಕುಗ್ಗಿದ್ದು, ಸಂಜೆಯ ವೇಳೆಗೆ ತಕ್ಕಮಟ್ಟಿಗೆ ಚೇತರಿಸಿಕೊಳ್ಳುವುದುಂಟು. ಅಂತಹವರನ್ನು ಸಂಜೆ ಮಾತ್ರ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಜ್ವರ ಅಥವಾ ಸೋಂಕಿನಿಂದ ಚಿತ್ತಭ್ರಮೆಗೆ ಒಳಗಾದ ವೃದ್ಧರು ಹಗಲು ಸ್ಪಷ್ಟವಾಗಿ ಮಾತನಾಡಿ ರಾತ್ರಿಯಾದೊಡನೆ ಸ್ಥಳ ಮತ್ತು ವೇಳೆಯ ಅರಿವನ್ನು ಕಳೆದುಕೊಳ್ಳುತ್ತಾರೆ. ರಾತ್ರಿ ಪಾಳಿಯ ಶುಶ್ರೂಷಕಿಯು ಅದನ್ನು ಬರೆದಿಡದಿದ್ದಲ್ಲಿ, ಬೆಳಿಗ್ಗೆ ಬರುವ ವೈದ್ಯರಿಗೆ ರೋಗವೇ ಕಾಣದೆ ಹೋಗಬಹುದು. ಇಂತಹ ಲೋಪವು ಪ್ರಾಣಕ್ಕೂ ಸಂಚಕಾರ ತರಬಲ್ಲದು. ಏಕೆಂದರೆ ಆ ಭ್ರಮೆಯ ಹಿಂದಿರುವ ಸೋಂಕಿಗೆ ಕೂಡಲೇ ಚಿಕಿತ್ಸೆ ಅವಶ್ಯವಿರುತ್ತದೆ.

ಇನ್ನೂ ಸೂಕ್ಷ್ಮವಾದ ಸಂಗತಿಗಳಿವೆ. ಮಾತಿನ ನಡುವೆ ತಟ್ಟನೆ ನಿಂತು ಪಕ್ಕಕ್ಕೆ ಕಿವಿಗೊಡುವವರು, ಯಾರೂ ಇಲ್ಲದ ಕಡೆಗೆ ತುಟಿ ಅಲ್ಲಾಡಿಸುವವರು, ಇಲ್ಲದ ಧ್ವನಿಗಳು ಕೇಳಿಸುತ್ತವೆ ಎಂದು ತಾವಾಗಿ ಒಪ್ಪಿಕೊಳ್ಳದೆ ಇರಬಹುದು. ಬಹುದಿನ ದುಃಖದಲ್ಲಿದ್ದವರು ಒಮ್ಮೆಲೇ ಶಾಂತರಾಗಿ ತಮ್ಮ ವಸ್ತುಗಳನ್ನು ಇತರರಿಗೆ ಹಂಚತೊಡಗಿದರೆ, ಅದನ್ನು ಗುಣವಾದ ಲಕ್ಷಣವೆಂದು ಎಣಿಸದೆ ಜೀವಾಪಾಯದ ಸೂಚನೆಯೆಂದು ಪರಿಗಣಿಸಿ ನಿಗಾ ಹೆಚ್ಚಿಸಬೇಕಾಗುತ್ತದೆ. ದಾಖಲಿಸುವ ರೀತಿಗೂ ನಿಯಮವಿದೆ. ರೋಗಿಯು ಹಟಮಾರಿ ಎಂದು ಬರೆಯುವಂತಿಲ್ಲ; ಮಧ್ಯಾಹ್ನ ಮತ್ತು ರಾತ್ರಿ ಊಟ ನಿರಾಕರಿಸಿದರು, ಅನ್ನದಲ್ಲಿ ವಿಷವಿದೆ ಎಂದು ತಿಳಿಸಿದರು ಎಂದು ಬರೆಯಬೇಕು. ಮೊದಲನೆಯದು ತೀರ್ಪು, ಎರಡನೆಯದು ಸಾಕ್ಷ್ಯ. ಲೆಕ್ಕಪತ್ರದ ಪರಿಚಯವಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ದಿನವಹಿಯಲ್ಲಿ ನಮೂದು ತಪ್ಪಿದರೆ ಖಾತೆಯು ಎಷ್ಟು ಅಂದವಾಗಿದ್ದರೂ ತಾಳೆಯಾಗುವುದಿಲ್ಲ. ರೋಗದ ಹೆಸರನ್ನು ವೈದ್ಯರು ನಿರ್ಧರಿಸುತ್ತಾರೆ. ನಿದ್ರಾಭಂಗ, ಸ್ವಂತ ಆರೈಕೆಯ ಅಶಕ್ತತೆ, ಆತ್ಮಹಾನಿಯ ಸಂಭವ ಮುಂತಾದ ದೈನಂದಿನ ಸಮಸ್ಯೆಗಳನ್ನು ಗುರುತಿಸಿ ಆರೈಕೆಯನ್ನು ಯೋಜಿಸುವುದು ಶುಶ್ರೂಷೆಯ ಸ್ವಂತ ಕಾರ್ಯಕ್ಷೇತ್ರ. ಅಮೇರಿಕದಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ಶುಶ್ರೂಷಕಿಯು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶುಶ್ರೂಷಕಿ ಮತ್ತು ರೋಗಿಯ ನಡುವಿನ ಸಂಬಂಧವನ್ನೇ ಶುಶ್ರೂಷೆಯ ಕೇಂದ್ರವಾಗಿ ಪ್ರತಿಪಾದಿಸಿದ್ದರು.

ಇಂತಹ ತರಬೇತಿ ಹೊಂದಿದವರು ಭಾರತದಲ್ಲಿ ಅಂದು ಅತಿ ವಿರಳ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ದೇಶದಲ್ಲಿ ಸುಮಾರು 40 ಸಾವಿರ ಜನರಿಗೆ ಒಂದರಂತೆ ಮಾತ್ರ ಮಾನಸಿಕ ಆಸ್ಪತ್ರೆಯ ಹಾಸಿಗೆ ಇರುವುದನ್ನು ಎತ್ತಿ ತೋರಿಸಿತು. ಇಂಗ್ಲೆಂಡಿನಲ್ಲಿ ಅದೇ ಪ್ರಮಾಣವು ಸುಮಾರು 300 ಜನರಿಗೆ ಒಂದರಂತೆ ಇತ್ತು. ಹಾಸಿಗೆಗಳನ್ನು ಹಣದಿಂದ ಕೊಳ್ಳಬಹುದು. ಅದರ ಪಕ್ಕದಲ್ಲಿ ನಿಂತು ನೋಡಬಲ್ಲ ಸಿಬ್ಬಂದಿಯನ್ನು ಕೊಳ್ಳಲಾಗದು. ಆದ್ದರಿಂದ ತರಬೇತಿ ಸಂಸ್ಥೆಯ ಅವಶ್ಯಕತೆ ಉಂಟಾಯಿತು. 1954ರಲ್ಲಿ ಬೆಂಗಳೂರಿನಲ್ಲಿ, ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ನಿರ್ದೇಶಕರಾಗಿ ಗೋವಿಂದಸ್ವಾಮಿ ಅವರು ನಿಯುಕ್ತಿಗೊಂಡರು. 1955ರಲ್ಲಿ ವೈದ್ಯರಿಗೆ ಹಾಗೂ ಮನಃಶಾಸ್ತ್ರಜ್ಞರಿಗೆ ಡಿಪ್ಲೊಮಾ ಶಿಕ್ಷಣವೂ, 1956ರಲ್ಲಿ ಶುಶ್ರೂಷಕಿಯರಿಗೆ ಒಂದು ವರ್ಷದ ಮನೋವೈದ್ಯಕೀಯ ಶುಶ್ರೂಷಾ ಡಿಪ್ಲೊಮಾ ಶಿಕ್ಷಣವೂ ಪ್ರಾರಂಭವಾದವು. ಸಾಮಾನ್ಯ ಶುಶ್ರೂಷೆಯಲ್ಲಿ ಅದಾಗಲೇ ಅರ್ಹತೆ ಪಡೆದವರು ಮನೋರೋಗಿಗಳ ಅವಲೋಕನವನ್ನೇ ಒಂದು ವಿದ್ಯೆಯಾಗಿ ಕಲಿಯಲು ಇದರಿಂದ ಅವಕಾಶವಾಯಿತು. ವೈದ್ಯರು, ಮನಃಶಾಸ್ತ್ರಜ್ಞರು, ಶುಶ್ರೂಷಕಿಯರು ಒಂದೇ ಆವರಣದಲ್ಲಿ ತರಬೇತಿ ಪಡೆದುದೇ ಈ ಸಂಸ್ಥೆಯ ವೈಶಿಷ್ಟ್ಯ.

ಗೋವಿಂದಸ್ವಾಮಿ ಅವರ ಕಾಲದ ಎಲ್ಲ ಚಿಕಿತ್ಸೆಗಳೂ ಕಾಲದ ಪರೀಕ್ಷೆಯಲ್ಲಿ ಉಳಿಯಲಿಲ್ಲ ಎಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಪರಿಣಾಮಕಾರಿ ಔಷಧಿಗಳು ಇಲ್ಲದಿದ್ದ 1940ರ ದಶಕದಲ್ಲಿ ಪ್ರಪಂಚದ ಇತರ ಆಸ್ಪತ್ರೆಗಳಂತೆ ಇಲ್ಲಿಯೂ ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯನ್ನು ಕೈಗೊಳ್ಳಲಾಗಿತ್ತು. ಡಾ॥ ಬಾಲಕೃಷ್ಣ ರಾವ್ ಅವರೊಡಗೂಡಿ ಆ ಕುರಿತು ಗೋವಿಂದಸ್ವಾಮಿ ಅವರು ಬರೆದ ಲೇಖನವು 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಔಷಧಿಯ ಗುಣವು ಪ್ಯಾರಿಸ್‌ನಲ್ಲಿ ತಿಳಿದುಬಂದ ನಂತರ ಆ ಶಸ್ತ್ರಚಿಕಿತ್ಸೆಯು ಎಲ್ಲೆಡೆ ಹಿಂದೆ ಸರಿಯಿತು. ಚಿಕಿತ್ಸೆಯು ಹಿಂತೆಗೆಯಲಾಗದಂತಹದ್ದಾಗಿದ್ದಾಗ ರೋಗನಿರ್ಣಯದಲ್ಲಿನ ತಪ್ಪು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಓದುಗರು ಊಹಿಸಬಹುದು.

ಭಾರತೀಯ ತತ್ತ್ವಶಾಸ್ತ್ರದ ಮಾರ್ಗಗಳನ್ನು ಮನಶ್ಚಿಕಿತ್ಸೆಯ ದೃಷ್ಟಿಯಿಂದ ಸಂಶೋಧಿಸುವ ಅಗತ್ಯವಿದೆಯೆಂದು ಗೋವಿಂದಸ್ವಾಮಿ ಅವರು ಬರೆದಿದ್ದರು. ಪರದೇಶದ ಅಳತೆಗೋಲು ಇಲ್ಲಿನ ರೋಗಿಗೆ ಯಥಾವತ್ತಾಗಿ ಒಗ್ಗುವುದಿಲ್ಲ ಎಂಬುದು ರೋಗನಿರ್ಣಯದಲ್ಲಿಯೂ ಅನುಭವಕ್ಕೆ ಬಂದ ವಿಷಯ. ಓದುಬರಹ ತಿಳಿಯದ ರೈತರೊಬ್ಬರಿಗೆ ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಿ ಎಂದರೆ, ಉತ್ತರ ಬಾರದಿರುವುದು ಬುದ್ಧಿಯ ದೋಷವಲ್ಲ. ಹತ್ತಿರದ ಊರಿನ ಸಂತೆ ಯಾವ ವಾರ, ಈಗ ಹೊಲದಲ್ಲಿರುವ ಬೆಳೆ ಯಾವುದು, ಕಳೆದ ಹಬ್ಬ ಯಾವುದು ಎಂದು ಕೇಳಿದರೆ ಅವರ ನೆನಪು ಮತ್ತು ಕಾಲದ ಅರಿವು ಸರಿಯಾಗಿ ತಿಳಿಯುತ್ತದೆ. ದುಃಖವಾಗಿದೆ ಎನ್ನದೆ ಮೈ ಉರಿ, ಎದೆ ಭಾರ, ತಲೆ ಜೋಮು ಎಂದು ಹೇಳುವವರೇ ಹಳ್ಳಿಗಳಲ್ಲಿ ಹೆಚ್ಚು. ಬುದ್ಧಿಮಾಪನದಲ್ಲಿ ಈ ಕೊರತೆಯನ್ನು ತುಂಬಲು ಡಾ॥ ವಿ.ವಿ. ಕಾಮತ್ ಅವರು 1930ರ ದಶಕದಲ್ಲಿಯೇ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದೀರ್ಘಕಾಲ ಬಳಕೆಯಲ್ಲಿದೆ.

1961ರಲ್ಲಿ ಗೋವಿಂದಸ್ವಾಮಿ ಅವರು ನಿಧನರಾದಾಗ ಸಂಸ್ಥೆಗೆ ಸುಮಾರು ಏಳು ವರ್ಷವಾಗಿತ್ತು. 1974ರ ಡಿಸೆಂಬರ್ 27ರಂದು ಅದು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಆಯಿತು. 2012ರ ಅಧಿನಿಯಮದ ಮೂಲಕ ಅದಕ್ಕೆ ರಾಷ್ಟ್ರೀಯ ಪ್ರಾಮುಖ್ಯತೆಯ ಸಂಸ್ಥೆಯ ಸ್ಥಾನ ದೊರೆಯಿತು.

ಅಂದು ಶಾಂತಿಗ್ರಾಮ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಕುಟುಂಬಗಳು ತಜ್ಞರ ಅಭಿಪ್ರಾಯಕ್ಕಾಗಿ ದೂರದ ಬೆಂಗಳೂರಿಗೇ ಹೋಗಬೇಕಾಗಿತ್ತು. ಈಗ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯಕೀಯ ವಿಭಾಗವಿರುತ್ತದೆ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮ, 2017ರ ಪ್ರಕಾರ ರೋಗನಿರ್ಣಯವನ್ನು ಅಂಗೀಕೃತ ವೈದ್ಯಕೀಯ ಮಾನದಂಡಗಳ ಮೇಲೆಯೇ ಮಾಡತಕ್ಕದ್ದು. ವ್ಯಕ್ತಿಯ ಜಾತಿ, ಆರ್ಥಿಕ ಸ್ಥಿತಿ ಅಥವಾ ಸಮಾಜದ ರೂಢಿಗೆ ಆತ ಹೊಂದಿಕೊಳ್ಳದಿರುವುದು ಕಾರಣವಾಗತಕ್ಕದ್ದಲ್ಲ. ಹಿಂದೊಮ್ಮೆ ಆಸ್ಪತ್ರೆಗೆ ದಾಖಲಾಗಿದ್ದರೆಂಬ ಮಾತ್ರಕ್ಕೆ ಈಗಲೂ ಮನೋರೋಗವಿದೆ ಎಂದು ನಿರ್ಧರಿಸುವಂತಿಲ್ಲ. ಆಸ್ತಿ ವಿವಾದಗಳಲ್ಲಿ ಅಥವಾ ವಿವಾಹ ಸಂಬಂಧಗಳಲ್ಲಿ ಹಳೆಯ ಚೀಟಿಯೊಂದನ್ನು ಹಿಡಿದು ಬರುವವರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು.

ಮಾನಸಿಕ ಕಾಯಿಲೆಯಿಂದ ಉಂಟಾದ ಅಂಗವೈಕಲ್ಯವನ್ನು ಅಳೆಯುವಾಗ ಸ್ವಂತ ಆರೈಕೆ, ಇತರರೊಂದಿಗಿನ ಸಂಬಂಧ, ಸಂವಹನ ಮತ್ತು ಗ್ರಹಿಕೆ, ಕೆಲಸ ಇವುಗಳ ಜೊತೆಗೆ ಕಾಯಿಲೆಯ ಅವಧಿಯನ್ನೂ ಪರಿಗಣಿಸಲಾಗುತ್ತದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಅನೇಕ ಸೌಲಭ್ಯಗಳಿಗೆ ಮಾನದಂಡವಾಗಿ ಇಡಲಾಗಿದೆ. ಅರ್ಜಿದಾರರೊಂದಿಗೆ, ಅವರ ಜೊತೆಯಲ್ಲಿಯೇ ವಾಸಿಸುವ ಹಾಗೂ ಅವರನ್ನು ದಿನವೂ ನೋಡಿಕೊಳ್ಳುವವರು ಬರುವುದು ಅಪೇಕ್ಷಣೀಯ. ಮನೆಯಲ್ಲಿ ಶುಶ್ರೂಷೆಯ ಅವಲೋಕನವನ್ನು ಮಾಡುವವರು ಅವರೇ. ಹಳೆಯ ಔಷಧ ಚೀಟಿಗಳನ್ನು ತರುವುದರ ಜೊತೆಗೆ ನಿದ್ರೆ, ಊಟ, ಸ್ನಾನ, ಮಾತು, ಕೆಲಸಗಳಲ್ಲಿ ಕಂಡ ಬದಲಾವಣೆಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದು ತಂದಲ್ಲಿ ಅನುಕೂಲವಾಗುತ್ತದೆ. ತುರ್ತು ಸಲಹೆಗಾಗಿ 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿರುತ್ತದೆ.