ಮೇರಿ ಕ್ಯೂರಿ ಓಡಿಸಿದ ಎಕ್ಸ್‌ರೇ ಗಾಡಿ

ಉಣಕಲ್ ಕೆರೆ ದಾಟಿ ಧಾರವಾಡದ ಕಡೆ ಹೋಗುವ ಬಸ್ಸು ನವನಗರದಲ್ಲಿ ನಿಂತಾಗ, ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರೂ ಇಳಿಯುತ್ತಾರೆ. ಇಂಥ ಆಸ್ಪತ್ರೆಗಳಲ್ಲಿ ರೇಡಿಯೇಶನ್ ಕೊಡಬೇಕು ಅಂತ ಹೇಳುವವರು ಡಾಕ್ಟರು. ಗಡ್ಡೆಗೆ ಎಷ್ಟು ಬೀಳಬೇಕು, ಪಕ್ಕದ ಅಂಗಕ್ಕೆ ಎಷ್ಟು ತಾಗೀತು ಅಂತ ಲೆಕ್ಕ ಹಾಕುವವರು ಫಿಸಿಕ್ಸ್ ಓದಿದವರು, ಮೆಡಿಕಲ್ ಫಿಸಿಸಿಸ್ಟ್‌ಗಳು. ಜಗತ್ತಿನಲ್ಲೆಲ್ಲ ಇವರ ದಿನ ಆಚರಿಸುವುದು ನವೆಂಬರ್ 7ಕ್ಕೆ, ಮೇರಿ ಕ್ಯೂರಿ ಹುಟ್ಟಿದ ದಿನ.

1867ರಲ್ಲಿ ವಾರ್ಸಾದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ, 1891ರಲ್ಲಿ ಪ್ಯಾರಿಸ್ಸಿಗೆ ಹೋದರು. ಮುಂದೆ ಪೊಲೋನಿಯಂ, ರೇಡಿಯಂ, ಎರಡು ನೊಬೆಲ್. ಅದೆಲ್ಲ ಹೈಸ್ಕೂಲಿನಾಗ ಓದೀವಿ, ಬಿಡ್ರಿ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು 1914ರ ಯುದ್ಧದ ಕಥೆ. ಗುಂಡು ಮೈಯೊಳಗ ಎಲ್ಲಿ ಐತಿ ಅಂತ ಗೊತ್ತಿಲ್ಲದೆ ಸರ್ಜನ್‌ಗಳು ಕತ್ತರಿ ಹಾಕುತ್ತಿದ್ದ ಕಾಲ. ಎಕ್ಸ್‌ರೇ ಯಂತ್ರಗಳೆಲ್ಲ ದೊಡ್ಡ ಊರುಗಳಲ್ಲಿ, ಗಾಯಾಳುಗಳು ಗಡಿಯಲ್ಲಿ. ಕ್ಯೂರಿ ಮೋಟಾರು ಗಾಡಿಗೇ ಎಕ್ಸ್‌ರೇ ಟ್ಯೂಬು ಹೇರಿಸಿದರು. ಕರೆಂಟಿಗೆ ಡೈನಮೋ, ಅದನ್ನು ತಿರುಗಿಸಲು ಗಾಡಿಯದೇ ಎಂಜಿನ್. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರು ಇದನ್ನು ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಇಟ್ಟರೂ ಒಪ್ಪಬಹುದು! ಐವತ್ತರ ಹತ್ತಿರದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು, ಅಂಗರಚನೆ ಓದಿದರು. ಇಂಥ ಸುಮಾರು 20 ಗಾಡಿ, 200 ಎಕ್ಸ್‌ರೇ ಕೋಣೆ ಎದ್ದವು. ಮಗಳು ಐರೀನ್ ಜೊತೆ ಸೇರಿ ಸುಮಾರು 150 ಹೆಣ್ಣುಮಕ್ಕಳಿಗೆ ಯಂತ್ರ ನಡೆಸಲು ಕಲಿಸಿದರು.

ಅಳತೆಯಲ್ಲಿ ಭಾಳ ಕಟ್ಟುನಿಟ್ಟು. ಜಗತ್ತಿಗೆಲ್ಲ ಮಾನದಂಡ ಆಗಲಿ ಅಂತ 1911ರಲ್ಲಿ ಸುಮಾರು 22 ಮಿಲಿಗ್ರಾಂ ರೇಡಿಯಂ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿ ತಯಾರಿಸಿ ಕೊಟ್ಟರು. ತಮ್ಮ ಮೈಗೆ ಬಿದ್ದದ್ದನ್ನು ಮಾತ್ರ ಅಳೆಯಲಿಲ್ಲ. ರೇಡಿಯಂ ಕೊಳವೆಗಳು ಜೇಬಿನಲ್ಲಿರುತ್ತಿದ್ದವು. 1934ರ ಜುಲೈ 4ರಂದು ಅಪ್ಲಾಸ್ಟಿಕ್ ಅನೀಮಿಯಾದಿಂದ ತೀರಿಕೊಂಡರು. ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಅವರ ನೋಟ್‌ಬುಕ್ಕುಗಳನ್ನು ಇವತ್ತಿಗೂ ಸೀಸದ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಈಗ ರೇಡಿಯೇಶನ್ ವಿಭಾಗದವರ ಎದೆ ಮೇಲೆ ಡೋಸ್ ಅಳೆಯುವ ಬ್ಯಾಡ್ಜ್ ಇರುತ್ತದೆ. ಅದನ್ನು ನೋಡಿಕೊಳ್ಳುವುದೂ ಮೆಡಿಕಲ್ ಫಿಸಿಸಿಸ್ಟರ ಕೆಲಸವೇ.

ನಮ್ಮ ದೇಶದಲ್ಲಿ ಇದಕ್ಕಾಗಿ ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ 1962ರಿಂದ ಡಿಪ್ಲೊಮಾ ನಡೆಸುತ್ತಿದೆ. ಇವರಿಲ್ಲದೆ ರೇಡಿಯೋಥೆರಪಿ ನಡೆಸಲು ಪರಮಾಣು ಇಂಧನ ನಿಯಂತ್ರಣ ಮಂಡಳಿ ಬಿಡುವುದಿಲ್ಲ. ಬೇಜಾರಿನ ಸಂಗತಿ ಅಂದ್ರ ನಮ್ಮ ಬಿ.ಇ. ಒಂದೇ ಇದ್ದರೆ ಸಾಲದು: ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ., ಎಂ.ಎಸ್ಸಿ., ಆಮೇಲೆ ಡಿಪ್ಲೊಮಾ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮನೆಯಾಗ ಬಿ.ಎಸ್ಸಿ. ಓದೋ ತಮ್ಮ, ತಂಗಿ ಇದ್ದರ ಹೇಳಿ ನೋಡ್ರಿ.