ಗುಲಾಮನಾಗಿ ಬಂದು ದಖ್ಖನ್ ಆಳಿದ ಮಲಿಕ್ ಅಂಬರ್

ಜತ್ತ: ಜತ್ತ ಭಾಗದಿಂದ ಪ್ರವಾಸ ಹೊರಟವರು ವಿಜಾಪುರದ ಗೋಳಗುಮ್ಮಟ, ಔರಂಗಾಬಾದ್ ಬಳಿಯ ವೇರೂಳ ಗುಹೆಗಳನ್ನು ನೋಡಿ ಬರುವುದುಂಟು. ಈ ಎರಡೂ ಊರುಗಳ ಚರಿತ್ರೆಯಲ್ಲಿ ಆಫ್ರಿಕಾದಿಂದ ಬಂದ ಒಬ್ಬ ಹಬಶಿಯ ಹೆಸರಿದೆ. ಆತನೇ ಮಲಿಕ್ ಅಂಬರ್. ಆದರೆ ಪ್ರವಾಸಿಗರ ಕಿವಿಗೆ ಈ ಹೆಸರು ಬೀಳುವುದು ಅಪರೂಪ.

1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಅಂಬರ್, ಬಾಲ್ಯದಲ್ಲೇ ಗುಲಾಮನಾಗಿ ಅರಬ್ ವ್ಯಾಪಾರಿಗಳ ಕೈಸೇರಿದ. ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ ಅಹ್ಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಬಳಿ ಬಂದ. ಆ ಯಜಮಾನನೂ ಒಂದು ಕಾಲದಲ್ಲಿ ಹಬಶಿ ಗುಲಾಮನೇ ಆಗಿದ್ದ! ಯಜಮಾನ ತೀರಿಕೊಂಡ ಮೇಲೆ ಅಂಬರ್‌ಗೆ ಬಿಡುಗಡೆ ಸಿಕ್ಕಿತು. ಕೆಲಕಾಲ ವಿಜಾಪುರದ ಆದಿಲ್‌ಶಾಹಿಯಲ್ಲೂ ಸಿಪಾಯಿಗಿರಿ ಮಾಡಿದ.

1600ರಲ್ಲಿ ಅಹ್ಮದ್‌ನಗರದ ಕೋಟೆ ಮೊಗಲರ ವಶವಾಯಿತು. ಅಂಬರ್ ಸುಮ್ಮನೆ ಕೂರಲಿಲ್ಲ. ನಿಜಾಮಶಾಹಿ ಮನೆತನದ ಮುರ್ತಜಾನನ್ನು ಪಟ್ಟಕ್ಕೆ ಕೂರಿಸಿ ತಾನೇ ರಾಜ್ಯಭಾರ ನಡೆಸಿದ. ಮರಾಠಾ ಸವಾರರನ್ನು ಕೂಡಿಸಿಕೊಂಡು, ಬೆಟ್ಟಗುಡ್ಡಗಳ ನಡುವೆ ಹಠಾತ್ ದಾಳಿಯ ಯುದ್ಧ ನಡೆಸಿ ಮೊಗಲರನ್ನು ಕಾಡಿದ. ಜಮೀನು ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಗೊತ್ತುಮಾಡಿದ. 1610ರಲ್ಲಿ ಖಡ್ಕಿ ಪಟ್ಟಣ ಕಟ್ಟಿ, ನೆಲದಡಿಯ ಕಾಲುವೆಗಳಿಂದ ನೀರು ತಂದ. ಮುಂದೆ ಔರಂಗಾಬಾದ್ ಎನಿಸಿದ ಆ ಊರು 2023ರಿಂದ ಛತ್ರಪತಿ ಸಂಭಾಜಿನಗರ.

ಬಾದಶಹ ಜಹಾಂಗೀರ್‌ಗೆ ಆತನನ್ನು ಹಿಡಿಯಲು ಆಗಲಿಲ್ಲ. ಆ ಸಿಟ್ಟಿಗೆ ತನ್ನ ಆತ್ಮಕಥೆಯಲ್ಲಿ ಅಂಬರ್‌ನ ಮೈಬಣ್ಣವನ್ನೇ ಹೀಯಾಳಿಸಿದ. ಅಂಬರ್‌ನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಅಬುಲ್ ಹಸನ್ ಎಂಬ ಕಲಾವಿದನ ಕೈಯಲ್ಲಿ ಚಿತ್ರವಾಯಿತು. ಆ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ ನಗರದ ಸಂಗ್ರಹಾಲಯದಲ್ಲಿದೆ. ಆದರೆ ಅಂಬರ್ ಸತ್ತಾಗ, ಯುದ್ಧದಲ್ಲೂ ಆಡಳಿತದಲ್ಲೂ ಅವನಿಗೆ ಸಾಟಿ ಇರಲಿಲ್ಲವೆಂದು ಬರೆದವನೂ ಮೊಗಲ್ ಆಸ್ಥಾನದ ಇತಿಹಾಸಕಾರನೇ.

ಅಂಬರ್ ದೇವರೇನಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ವಿಜಾಪುರದ ಸೇನೆಗಳನ್ನು ಒಟ್ಟಿಗೇ ಸೋಲಿಸಿದ. ಆ ಕಾಳಗದಲ್ಲಿ ಶಹಾಜಿ ಭೋಸಲೆ ಅವನ ಕಡೆಗಿದ್ದ. ಅದೇ ವರ್ಷ ವಿಜಾಪುರದ ಪಕ್ಕದ ನವರಸಪುರವನ್ನು ಹಾಳುಗೆಡವಿದವನೂ ಈತನೇ. ಅಂದು ಪೆಟ್ಟು ತಿಂದ ಜನರ ಮಾತನ್ನು ಯಾರೂ ಬರೆದಿಡಲಿಲ್ಲ.

1626ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ ಅಂಬರ್ ತೀರಿಕೊಂಡ. ಆತನ ಸಮಾಧಿ ವೇರೂಳದ ಹತ್ತಿರದ ಖುಲ್ದಾಬಾದ್‌ನಲ್ಲಿದೆ.

ಆಫ್ರಿಕಾ ಮೂಲದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಇವರಲ್ಲಿ ಹಲವರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ ಆಡುವ ಅವರನ್ನು ಯಾವ ದೇಶದವರೆಂದು ಕೇಳುವವರು ಈಗಲೂ ಇದ್ದಾರೆ. ಪ್ರವಾಸಿಗರು ಅವರ ಡಮಾಮಿ ಕುಣಿತ ನೋಡುತ್ತಾರೆ; ಅವರ ಕಥೆ ಕೇಳುವವರು ಕಡಿಮೆ. ದಖ್ಖನ್ನಿನ ಕೋಟೆ, ಕಾಲುವೆ, ಕಂದಾಯಗಳಲ್ಲಿ ಹಬಶಿಗಳ ಪಾಲೂ ಇದೆ ಎಂಬುದನ್ನು ತಿಳಿದವರು ಆ ಪ್ರಶ್ನೆ ಕೇಳಲಾರರು.